ಬಿಸಿಲು ಬೀಳದ ಮನೆಯಲ್ಲಿ ಕೊತ್ತಂಬರಿ: ನಾಲ್ಕು ತಿಂಗಳು, ಎಂಟು ಸಾವಿರ, ಒಂದು ಮುಚ್ಚಳಿಕೆ

ಹೋದ ಭಾನುವಾರ ನಮ್ಮ ಮನೆಯ ಚಿತ್ರಾನ್ನಕ್ಕೆ ನಮ್ಮ ಮನೆಯೊಳಗೇ ಬೆಳೆದ ಕೊತ್ತಂಬರಿ ಬಿತ್ತು. ಒಂದು ಹಿಡಿ ಇರಬಹುದು ಅಷ್ಟೇ. ಆ ಒಂದು ಹಿಡಿಗೆ ಜೂನ್‌ನಿಂದ ಏನೇನು ಪಾಡು ಪಟ್ಟೆ ಅಂತ ಬರೆದಿಡುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಇದಕ್ಕೆ ಕೈ ಹಾಕುವವರಿದ್ದರೆ ಕೊನೇಪಕ್ಷ ನಾನು ಕಳೆದುಕೊಂಡ ದುಡ್ಡನ್ನಾದರೂ ಉಳಿಸಿಕೊಳ್ಳಿ.

ಮನೆ ಬೆಂಗಳೂರಿನ ಹನುಮಂತನಗರದಲ್ಲಿ. 20×30 ಸೈಟು, ನಾವು ಕೆಳಗೆ ಬಾಡಿಗೆಗೆ, ಮೇಲೆ ಓನರ್. ಪಕ್ಕದ ಬಿಲ್ಡಿಂಗ್ ಎಷ್ಟು ಹತ್ತಿರ ಎಂದರೆ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಅವರ ಗೋಡೆ ಸಿಗುತ್ತದೆ. ಬೆಳಗ್ಗೆ ಹನ್ನೊಂದಕ್ಕೂ ಲೈಟ್ ಹಾಕಿಕೊಂಡೇ ತರಕಾರಿ ಹೆಚ್ಚಬೇಕು. ಟೆರೇಸ್ ಇದೆ. ಆದರೆ ಎರಡು ವರ್ಷದ ಹಿಂದೆ ಮೇಲಿನ ಮನೆಯ ಬೆಡ್‌ರೂಮ್ ಸೋರಿ, ಓನರ್ ಅಂಕಲ್ ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೆ ಅಲ್ಲಿ ಒಂದು ಕುಂಡ ಇಡೋದಕ್ಕೂ ಬಿಡುವುದಿಲ್ಲ. ಅವರದ್ದೂ ತಪ್ಪಲ್ಲ ಬಿಡಿ, ಅಷ್ಟು ಖರ್ಚಾಗಿತ್ತು.

ಅತ್ತೆ ತುರುವೇಕೆರೆ ಕಡೆಯವರು. ಅಲ್ಲಿ ಹಿತ್ತಲಿಗೆ ಹೋಗಿ ಸೊಪ್ಪು ಕಿತ್ತು ತಂದು ಸಾರು ಮಾಡಿದವರು. ಇಲ್ಲಿ "ಹತ್ತು ರೂಪಾಯಿ ಕೊತ್ತಂಬರಿಗೂ ಫೋನ್ ಒತ್ತಬೇಕಲ್ಲಮ್ಮಾ" ಅಂತ ದಿನಾ ಅನ್ನುತ್ತಿದ್ದರು. ಅದೇ ಕಿವಿಯಲ್ಲಿ ಕೂತುಬಿಟ್ಟಿತು. ಹಾಲ್ ಮತ್ತು ಅಡುಗೆಮನೆ ನಡುವೆ ಹಳೇ ಫ್ರಿಜ್ ಇದ್ದ ಜಾಗ ಖಾಲಿ ಇತ್ತು. ನಾಲ್ಕು ಅಡಿ ಅಗಲ, ಎರಡಡಿ ಆಳ. ಅಲ್ಲಿ ಲೈಟ್ ಹಾಕಿ ಸೊಪ್ಪು ಬೆಳೆದರೆ ಹೇಗೆ?

ಮೊದಲ ತಪ್ಪು ಅಲ್ಲೇ ಆಯಿತು. ಏನೂ ಓದದೆ, ಆನ್‌ಲೈನ್‌ನಲ್ಲಿ "ಗ್ರೋ ಲೈಟ್" ಅಂತ ಹುಡುಕಿ, ನೇರಳೆ ಬಣ್ಣದ ಒಂದು ದೀಪ ತರಿಸಿದೆ. 1,150 ರೂಪಾಯಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್ ಅಂತ ಬರೆದಿತ್ತು. ನನ್ನ ಗಂಡನ ಆಫೀಸಿನ ಸ್ನೇಹಿತರೊಬ್ಬರ ಹತ್ತಿರ ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇತ್ತು. ಸುಮ್ನೆ ನೋಡೋಣ ಅಂತ ಹಾಕಿದರೆ 24 ತೋರಿಸಿತು. ಇಪ್ಪತ್ನಾಲ್ಕು! ಮೀಟರೇ ಕೆಟ್ಟಿರಬೇಕು ಅಂದುಕೊಂಡು ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿದೆವು. ಅದು ಸರಿಯಾಗೇ ಸಾವಿರದ ಹತ್ತಿರ ತೋರಿಸಿತು.

ಆ ದೀಪದ ಕೆಳಗೆ ಮೆಂತ್ಯ ಹಾಕಿದೆ. ಮೂರನೇ ದಿನಕ್ಕೆ ಮೊಳಕೆ ಬಂತು, ಬಹಳ ಖುಷಿ. ಎಂಟನೇ ದಿನಕ್ಕೆ ಎಲ್ಲ ಸಸಿಗಳೂ ಹೊಲಿಗೆ ದಾರದ ಹಾಗೆ ಉದ್ದಕ್ಕೆ ಎದ್ದು, ತಲೆ ಭಾರ ತಡೆಯದೆ ಪಕ್ಕಕ್ಕೆ ಬಿದ್ದಿದ್ದವು. ಬೆಳಕು ಸಾಲದಿದ್ದರೆ ಗಿಡ ಹೀಗೆ ಬೆಳಕು ಹುಡುಕಿಕೊಂಡು ಉದ್ದಕ್ಕೆ ಹೋಗುತ್ತದೆ. ಆರೋಗ್ಯವಾಗಿ ಎತ್ತರ ಆಗುತ್ತಿದೆ ಅಂತ ನಾನು ನಾಲ್ಕು ದಿನ ಸಂಭ್ರಮಪಟ್ಟಿದ್ದೆ. ಇನ್ನೊಂದು ತೊಂದರೆ, ನೇರಳೆ ಬೆಳಕಿನಲ್ಲಿ ಹಸಿರು ಎಲೆ ಕಪ್ಪಗೆ ಕಾಣುತ್ತದೆ. ಎಲೆ ಹಳದಿಯಾಗಿದೆಯಾ, ಹುಳ ಬಿದ್ದಿದೆಯಾ, ಏನೂ ಗೊತ್ತಾಗುವುದಿಲ್ಲ.

ಎರಡನೇ ತಪ್ಪು ಇನ್ನೂ ದೊಡ್ಡದು. ಓನರ್‌ಗೆ ಹೇಳಿರಲಿಲ್ಲ. ಸೊಪ್ಪು ಬೆಳೆಯೋದಕ್ಕೆ ಯಾರನ್ನು ಕೇಳಬೇಕು ಹೇಳಿ? ಆದರೆ ರಾತ್ರಿ ಹತ್ತಕ್ಕೆ ಬೀದಿಯಿಂದ ನೋಡಿದರೆ ನಮ್ಮ ಹಾಲ್ ಕಿಟಕಿ ಪೂರ್ತಿ ನೇರಳೆ. ಮನೆಯಲ್ಲಿ ಲೈಟ್ ಹಾಕಿ ಗಾಂಜಾ ಬೆಳೆದು ಸಿಕ್ಕಿಬಿದ್ದವರ ಸುದ್ದಿ ಬೆಂಗಳೂರಲ್ಲಿ ಆಗಾಗ ಬರುತ್ತಲೇ ಇರುತ್ತದೆ ಅಲ್ವಾ. ಎದುರುಮನೆಯವರು ಫೋಟೋ ತೆಗೆದು ಓನರ್ ಅಂಕಲ್‌ಗೆ ಕಳಿಸಿದ್ದಾರೆ. ಮಾರನೇ ದಿನ ಬೆಳಗ್ಗೆ ಏಳಕ್ಕೆ ಅಂಕಲ್ ಬಾಗಿಲಲ್ಲಿ.

"ಏನಮ್ಮಾ ಅದು ಒಳಗೆ ಬಣ್ಣದ ಲೈಟು?"

"ಮೆಂತ್ಯ ಸೊಪ್ಪು ಅಂಕಲ್."

"ಮೆಂತ್ಯಕ್ಕೆ ಯಾರಾದ್ರೂ ಲೈಟ್ ಹಾಕ್ತಾರಾ?"

ಒಳಗೆ ಕರೆದು ತೋರಿಸಿದೆ. ಬಗ್ಗಿ ನೋಡಿದರು. ಒಂದು ಎಸಳು ಕಿತ್ತು ಮೂಸಿದರು. ಆಮೇಲೆ ಇನ್ನೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಮೆಂತ್ಯವೇ ಅಂತ ಖಾತ್ರಿ ಆಯಿತು, ಆದರೂ ಸಮಾಧಾನ ಆಗಲಿಲ್ಲ. "ನಾಳೆ ಪೊಲೀಸ್ ಬಂದ್ರೆ ಮೊದಲು ನನ್ನ ಹೆಸರೇ ಬರೋದು. ಒಂದು ಮುಚ್ಚಳಿಕೆ ಬರೆದುಕೊಡಿ, ನನ್ನ ಮಗನ್ನ ಕೇಳಿ ಹೇಳ್ತೀನಿ. ಅಲ್ಲೀತನಕ ಲೈಟ್ ಹಾಕಬೇಡಿ" ಅಂದರು.

ಮುಚ್ಚಳಿಕೆ! ಅತ್ತೆಗೆ ನಗು, ನನಗೆ ಅಳು. ಕೊನೆಗೆ ಬಿಳಿ ಹಾಳೆಯಲ್ಲಿ ಬರೆದೆ. ಇಂಥಿಂಥ ಸೊಪ್ಪು ಮಾತ್ರ ಬೆಳೆಯುತ್ತೇವೆ, ನೆಲಕ್ಕೆ ನೀರು ಇಳಿಯದಂತೆ ಟ್ರೇ ಇಡುತ್ತೇವೆ, ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸುತ್ತೇವೆ, ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಕರೆಂಟ್ ಬಿಲ್ ನಮ್ಮದೇ. ಕೆಳಗೆ ಇಬ್ಬರ ಸಹಿ, ಬಾಡಿಗೆ ಕರಾರಿನ ಜೆರಾಕ್ಸ್, ಜೊತೆಗೆ ರ್ಯಾಕ್ ಇಡುವ ಜಾಗದ ಎರಡು ಫೋಟೋ. ಮಗ ಹೊರದೇಶದಲ್ಲಿದ್ದಾನೆ, ಅವನಿಗೆ ಪುರುಸೊತ್ತು ಸಿಕ್ಕಿ ಉತ್ತರ ಬರೋದಕ್ಕೆ 12 ದಿನ. ಅಷ್ಟರಲ್ಲಿ ಉಳಿದ ಮೆಂತ್ಯವೂ ಹೋಯಿತು. ನೀವು ಬಾಡಿಗೆ ಮನೆಯಲ್ಲಿದ್ದರೆ ದಯವಿಟ್ಟು ಮೊದಲು ಹೇಳಿ, ಆಮೇಲೆ ಲೈಟ್ ಹಾಕಿ. ಸ್ವಂತ ಮನೆಯಾದರೂ ಎದುರುಮನೆಯವರಿಗೆ ಒಂದು ಮಾತು ಹೇಳಿಬಿಡಿ.

ಆ 12 ದಿನದಿಂದ ಒಂದು ಉಪಕಾರ ಆಯಿತು, ಕೂತು ಓದಿದೆ. ಗಿಡಕ್ಕೆ ಕೆಂಪು, ನೀಲಿ ಬೆಳಕು ಚೆನ್ನಾಗಿ ಹಿಡಿಸುತ್ತದೆ ಅನ್ನುವುದು ನಿಜವೇ, ನೇರಳೆ ದೀಪ ಹುಟ್ಟಿದ್ದು ಆ ಕಾರಣಕ್ಕೇ. ಆದರೆ ಮಾಮೂಲಿ ಬಿಳಿ ಎಲ್‌ಇಡಿಯಲ್ಲೂ ನೀಲಿ, ಹಸಿರು, ಕೆಂಪು ಎಲ್ಲ ಇರುತ್ತದೆ, ಹಸಿರನ್ನೂ ಎಲೆ ಸುಮಾರಾಗಿ ಬಳಸಿಕೊಳ್ಳುತ್ತದೆ. ಸೊಪ್ಪಿಗೆ ಬಿಳಿ ಟ್ಯೂಬೇ ಧಾರಾಳ ಸಾಕು. ಮುಖ್ಯ ಪ್ರಶ್ನೆ ಬಣ್ಣ ಅಲ್ಲ, ಎಲೆಯ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದು.

ಫೋನಿಗೆ ಲಕ್ಸ್ ಮೀಟರ್ (ಬೀಳುವ ಬೆಳಕನ್ನು ಅಳೆಯುವ) ಆಪ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಕರಾರುವಾಕ್ಕಾಗಿ ಇರುವುದಿಲ್ಲ, ಹೋಲಿಸಿ ನೋಡೋದಕ್ಕೆ ಸಾಕು. ನಡುಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನಮ್ಮ ಅಡುಗೆಮನೆ ಕಿಟಕಿ ಕಟ್ಟೆ, ಬೆಳಗ್ಗೆ 11ಕ್ಕೆ? 180. ನಮ್ಮ ಕಣ್ಣು ಇದನ್ನು "ಸ್ವಲ್ಪ ಕತ್ತಲೆ" ಅಂತ ಮಾತ್ರ ಹೇಳುತ್ತದೆ, ಐನೂರು ಪಾಲು ವ್ಯತ್ಯಾಸ ಇದೆ ಅಂತ ಹೇಳುವುದೇ ಇಲ್ಲ. ಕಿಟಕಿ ಪಕ್ಕ ಇಟ್ಟ ಗಿಡ ಯಾಕೆ ಸೊರಗುತ್ತದೆ ಅಂತ ಆವತ್ತು ಗೊತ್ತಾಯಿತು.

ಅಂಕಲ್ ಒಪ್ಪಿಗೆ ಬಂದ ಶನಿವಾರವೇ ಎಲೆಕ್ಟ್ರಿಕಲ್ ಅಂಗಡಿಗಳ ಸಾಲಿರುವ ಎಸ್.ಪಿ. ರಸ್ತೆಗೆ ಹೊರಟೆ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ನಡೆದರೆ ಸಾಕು, ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸೋದಕ್ಕೆ ಜಾಗ ಸಿಗೋದಿಲ್ಲ. ಭಾನುವಾರವಂತೂ ಬೇಡವೇ ಬೇಡ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಮೊದಲ ಎರಡು ಅಂಗಡಿಯಲ್ಲಿ "ಗಿಡಕ್ಕೆ ಲೈಟ್" ಅಂದ ತಕ್ಷಣ ಮತ್ತದೇ ನೇರಳೆ ಬಲ್ಬು ತೆಗೆದರು. ಮೂರನೇ ಅಂಗಡಿಯಲ್ಲಿ ಗಿಡದ ಮಾತೇ ಎತ್ತಲಿಲ್ಲ. "ನಾಲ್ಕಡಿ ಎಲ್‌ಇಡಿ ಬ್ಯಾಟನ್, 20 ವ್ಯಾಟ್, 6500 ಕೆಲ್ವಿನ್, 2000 ಲ್ಯೂಮೆನ್ ಇರೋದು, ಆರು ಕೊಡಿ" ಅಂದೆ. ಬ್ಯಾಟನ್ ಅಂದರೆ ಪಟ್ಟಿಯ ಹಾಗಿರುವ ಟ್ಯೂಬ್ ಲೈಟ್, ಕೆಲ್ವಿನ್ ಬೆಳಕಿನ ಬಣ್ಣದ ಲೆಕ್ಕ, ಲ್ಯೂಮೆನ್ ದೀಪ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಲೆಕ್ಕ. ತಲಾ 230ಕ್ಕೆ ಕೊಟ್ಟರು, ಒಟ್ಟು 1,380. ಡಬ್ಬದ ಮೇಲೆ ಲ್ಯೂಮೆನ್ ನೋಡದೆ ತಗೋಬೇಡಿ. 20 ವ್ಯಾಟ್ ಅಂತಲೇ ಬರೆದು 1600 ಲ್ಯೂಮೆನ್ ಕೊಡುವುದೂ ಇದೆ. ಒಂದೊಂದನ್ನೂ ಅಲ್ಲೇ ಉರಿಸಿ ತೋರಿಸೋಕೆ ಹೇಳಿ. ನನ್ನ ಆರರಲ್ಲಿ ಒಂದು ಮಿಣಮಿಣ ಅನ್ನುತ್ತಿತ್ತು, ಬದಲಾಯಿಸಿಕೊಂಡೆ.

ರ್ಯಾಕ್ ನಮ್ಮ ಏರಿಯಾದಲ್ಲೇ ಸಿಕ್ಕಿತು. ತೂತಿರುವ ಕಬ್ಬಿಣದ ಆ್ಯಂಗಲ್‌ಗೆ ನಟ್ಟು ಬೋಲ್ಟು ಹಾಕಿ ಜೋಡಿಸುತ್ತಾರಲ್ಲ, ಅಂಗಡಿಗಳಲ್ಲಿ ಇರುತ್ತದಲ್ಲ, ಅದೇ. ನಾಲ್ಕಡಿ ಉದ್ದ, ಒಂದೂವರೆ ಅಡಿ ಆಳ, ಮೂರು ಹಲಗೆ, 2,600. ಹಲಗೆಯ ಎತ್ತರ ಬೇಕಾದಂತೆ ಬದಲಾಯಿಸಬಹುದು, ಅದಕ್ಕೇ ಇದು ಅನುಕೂಲ.

ಎಲೆಕ್ಟ್ರಿಷಿಯನ್ ಬಗ್ಗೆ ಸ್ವಲ್ಪ ಬರೆಯಲೇಬೇಕು. ಬರ್ತೀನಿ ಬರ್ತೀನಿ ಅಂತ ಆರು ದಿನ ಸತಾಯಿಸಿದರು. ಬಂದ ಮೇಲೆ ಮಾತ್ರ ಬಂಗಾರದಂಥ ಕೆಲಸ. ನಾನು ಎಕ್ಸ್‌ಟೆನ್ಷನ್ ಬೋರ್ಡ್‌ನ ರ್ಯಾಕ್‌ನ ಕೆಳಹಲಗೆಯಲ್ಲಿ ಇಟ್ಟಿದ್ದೆ. ನೋಡಿ ತಲೆ ಚಚ್ಚಿಕೊಂಡರು. "ಮೇಡಂ, ಕಬ್ಬಿಣದ ರ್ಯಾಕು, ಮೇಲಿಂದ ನೀರು, ಕೆಳಗೆ ಕರೆಂಟು. ಯಾರನ್ನ ಕಳಿಸಬೇಕು ಅಂತಿದ್ದೀರಿ?" ಬೋರ್ಡನ್ನು ರ್ಯಾಕ್‌ಗಿಂತ ಮೇಲೆ ಕಟ್ಟಿದರು. ರ್ಯಾಕ್‌ನ ಕಾಲಿಗೆ ಒಂದು ಹಸಿರು ವೈರ್ ಬಿಗಿದು ಅರ್ಥ್ ಕೊಟ್ಟರು. ಪ್ರತಿ ವೈರನ್ನೂ ಪ್ಲಗ್‌ಗೆ ಹೋಗುವ ಮುಂಚೆ ಒಂದು ಸಲ ಕೆಳಗೆ ಜೋತುಬಿಟ್ಟು ಮೇಲೆ ತಂದರು, ಹನಿ ಜಾರಿದರೆ ಆ ಬಗ್ಗಿದ ಕಡೆಯೇ ಬಿದ್ದುಹೋಗಲಿ, ಪ್ಲಗ್ ಒಳಗೆ ಹೋಗದಿರಲಿ ಅಂತ. ಮೀಟರ್ ಬೋರ್ಡ್‌ನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ನೋಡಿ, ಅದರ ಟೆಸ್ಟ್ ಬಟನ್ ಒತ್ತಿ ಪರೀಕ್ಷೆ ಮಾಡಿದರು. ವೈರು, ಕೂಲಿ ಸೇರಿ 650. ಇದರಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಮನೆ ಬಳಕೆಯ ಬ್ಯಾಟನ್‌ಗಳು ನೀರು ತಡೆಯುವಂಥವಲ್ಲ, ಹಾಗಾಗಿ ನಾನು ನೀರನ್ನು ಚಿಮುಕಿಸುವುದೇ ಇಲ್ಲ, ಟ್ರೇಯ ಅಂಚಿನಿಂದ ಸುರಿಯುತ್ತೇನೆ.

ಮೇಲಿನ ಹಲಗೆಗೆ ನಾಲ್ಕು ಟ್ಯೂಬ್, ಕೆಳಗಿನದಕ್ಕೆ ಎರಡು. ಟ್ಯೂಬ್‌ಗಳನ್ನು ಸಣ್ಣ ಚೈನಿನಲ್ಲಿ ತೂಗುಹಾಕಿದ್ದೇವೆ, ಗಿಡ ಬೆಳೆದ ಹಾಗೆ ಮೇಲೆ ಎತ್ತಬಹುದು. ಒಂದೂವರೆ ಅಡಿ ಎತ್ತರದಲ್ಲಿ ಟ್ಯೂಬ್ ಇದ್ದಾಗ ಟ್ರೇಯಲ್ಲಿ 5,000 ಲಕ್ಸ್ ಬಂತು. ಅರ್ಧ ಅಡಿಗೆ ಇಳಿಸಿದೆವು, 9,500. ಮೂರು ಕಡೆ ಬಿಳಿ ಥರ್ಮಾಕೋಲ್ ಶೀಟ್ ನಿಲ್ಲಿಸಿದ ಮೇಲೆ 11,000. ಆ ಶೀಟ್‌ಗೆ ಕೊಟ್ಟಿದ್ದು ಬರೀ 120 ರೂಪಾಯಿ. ಇನ್ನೊಂದು ಟ್ಯೂಬ್ ಕೊಂಡು ಕರೆಂಟ್ ಸುಡುವ ಬದಲು ಪಕ್ಕಕ್ಕೆ ಸೋರಿಹೋಗುವ ಬೆಳಕನ್ನು ಹಿಡಿಯಿರಿ.

ಲೆಕ್ಕ ಬೇಕು ಅನ್ನುವವರಿಗೆ: ಬಿಳಿ ಎಲ್‌ಇಡಿಯಾದರೆ ಲಕ್ಸ್ ಅನ್ನು ಸುಮಾರು 70ರಿಂದ ಭಾಗಿಸಿ, ಗಿಡದವರು ಹೇಳುವ ಮೈಕ್ರೋಮೋಲ್ ಲೆಕ್ಕ ಬರುತ್ತದೆ, ಅಂದರೆ ಒಂದು ಚದರ ಮೀಟರ್ ಜಾಗದಲ್ಲಿ ಸೆಕೆಂಡಿಗೆ ಗಿಡಕ್ಕೆ ಸಿಗುವ ಬೆಳಕು. ನನ್ನದು 157 ಆಯಿತು. ದಿನಕ್ಕೆ 14 ಗಂಟೆ ಹಾಕಿದರೆ ಒಟ್ಟು 8 ಮೋಲ್ ಹತ್ತಿರ (ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). ಮೆಂತ್ಯ, ಕೊತ್ತಂಬರಿ, ಪುದೀನಕ್ಕೆ ನಡೆಯುತ್ತದೆ. ಲೆಟ್ಯೂಸ್‌ಗೆ 12ರ ಮೇಲೆ ಬೇಕು, ನಮ್ಮಲ್ಲಿ ಅದು ಆಮೆ ನಡಿಗೆ. ಟೊಮೆಟೊ, ಮೆಣಸಿನಕಾಯಿ ಆಸೆ ಈ ಟ್ಯೂಬ್‌ಗಳಲ್ಲಿ ಬಿಟ್ಟುಬಿಡಿ. ಹಾಗಂತ 24 ಗಂಟೆ ಉರಿಸಿದರೆ ಬೇಗ ಬೆಳೆಯುತ್ತದೆ ಅಂತಲೂ ಅಲ್ಲ. ದಿನ ಉದ್ದವಾಗಿ, ಸೆಖೆಯೂ ಸೇರಿದರೆ ಕೊತ್ತಂಬರಿ ಸೊಪ್ಪು ಬಿಡುವುದು ಬಿಟ್ಟು ಹೂವಿಗೆ ಹೋಗುತ್ತದೆ.

ಟ್ರೇ ಎಂಟು, 480 ರೂಪಾಯಿ. ಸಿದ್ದಾಪುರದ ನರ್ಸರಿ ಸಾಲಿನಿಂದ ಐದು ಕೆಜಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಎರೆಗೊಬ್ಬರ, ಬೇವಿನ ಹಿಂಡಿ ಸೇರಿ 390. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ. ನಾನು ಬಕೆಟ್‌ನಲ್ಲಿ ನೆನೆಹಾಕಿ ಬಂದರೆ ಅದು ಉಬ್ಬಿ ಬಚ್ಚಲೆಲ್ಲಾ ಚೆಲ್ಲಿತ್ತು. ಐದು ಕೆಜಿ ಒಟ್ಟಿಗೆ ನೆನೆಸಬೇಡಿ, ಕಾಲು ಭಾಗ ಮುರಿದುಕೊಳ್ಳಿ. ನೀರಿನದೂ ಒಂದು ಮಾತು. ಕಾವೇರಿ ನೀರು ಬಂದ ದಿನ ಎರಡು ಕೊಡ ಹಿಡಿದಿಡುತ್ತೇನೆ. ಬೋರ್ ನೀರು ಹಾಕಿದ ಟ್ರೇಯ ಅಂಚಿನಲ್ಲಿ ಹದಿನೈದು ದಿನಕ್ಕೇ ಬಿಳಿ ಉಪ್ಪು ಕಟ್ಟಿತ್ತು.

ಕೊತ್ತಂಬರಿ ಮೊದಲ ಸಲ ಅಡುಗೆಮನೆ ಡಬ್ಬದ ಧನಿಯ ಹಾಕಿದೆ. 15 ದಿನ ಕಾದೆ, ಒಂದೂ ಹುಟ್ಟಲಿಲ್ಲ. ಅದು ಯಾವ ಕಾಲದ್ದೋ. ಎರಡನೇ ಸಲ ಬೀಜದ ಅಂಗಡಿಯಿಂದ ತಂದೆ. ಅತ್ತೆ ಅದನ್ನು ಬಟ್ಟೆಯಲ್ಲಿ ಹಾಕಿ, ಲಟ್ಟಣಿಗೆಯಿಂದ ಮೆತ್ತಗೆ ಉರುಳಿಸಿದರು. ಧನಿಯದ ಒಂದು ಗುಂಡಿನಲ್ಲಿ ಎರಡು ಬೀಜ ಇರುತ್ತವೆ, ಒತ್ತಿದರೆ ಎರಡು ಹೋಳಾಗುತ್ತದೆ, ಪುಡಿಯಾಗಬಾರದು. ರಾತ್ರಿ ನೆನೆಸಿ ಬೆಳಗ್ಗೆ ಹಾಕಿದೆವು. ಒಂಬತ್ತನೇ ದಿನ ಹುಟ್ಟಿತು.

ಹುಟ್ಟಿ ಐದೇ ದಿನ. ಒಂದು ಬೆಳಗ್ಗೆ ಎದ್ದು ನೋಡಿದರೆ ಟ್ರೇಯ ಒಂದು ಮೂಲೆ ಪೂರ್ತಿ ಮಲಗಿದೆ. ಸಸಿಯ ಬುಡ ಮಣ್ಣಿಗೆ ತಾಗುವಲ್ಲಿ ನೀರು ಕುಡಿದ ದಾರದ ಹಾಗೆ ಸಣ್ಣಗಾಗಿ ಕಂದಾಗಿತ್ತು, ಎಲೆ ಮಾತ್ರ ಇನ್ನೂ ಹಸಿರು. ಸಂಜೆ ಆಫೀಸಿಂದ ಬರುವಷ್ಟರಲ್ಲಿ ಅರ್ಧ ಟ್ರೇ ಹೋಗಿತ್ತು. ಬುಡ ಕೊಳೆಯುವ ರೋಗ, ಶಿಲೀಂಧ್ರದ ಕೆಲಸ. ಆಗಸ್ಟ್ ಮಳೆ, ಮನೆಯೊಳಗೆ ಗಾಳಿ ಆಡೋದಿಲ್ಲ, ಪ್ರೀತಿ ಜಾಸ್ತಿಯಾಗಿ ನಾನು ದಿನಕ್ಕೆರಡು ಸಲ ನೀರು. ಇನ್ನೇನಾಗಬೇಕು? ನಿಜ ಹೇಳಬೇಕೆಂದರೆ ಆವತ್ತು ಎಲ್ಲ ಗುಜರಿಗೆ ಹಾಕೋಣ ಅನ್ನಿಸಿತ್ತು. ಅತ್ತೆ ಏನೂ ಮಾತಾಡದೆ ಟ್ರೇ ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು ಕವುಚಿ ಹಾಕಿದರು.

ಆಮೇಲೆ 480 ರೂಪಾಯಿಗೆ ಒಂದು ಕ್ಲಿಪ್ ಫ್ಯಾನ್ ತಂದೆ. ಲೈಟ್ ಇದ್ದಾಗ ಸಣ್ಣಗೆ ತಿರುಗುತ್ತಿರುತ್ತದೆ, ಎಲೆ ಸ್ವಲ್ಪ ಅಲ್ಲಾಡಿದರೆ ಸಾಕು. ನೀರು ಕೊಡುವ ಮುಂಚೆ ಬೆರಳು ಒಂದು ಗೆಣ್ಣು ಒಳಗೆ ಹಾಕಿ ನೋಡುತ್ತೇನೆ, ಒಣಗಿದ್ದರೆ ಮಾತ್ರ ನೀರು. ಅದೇ ಹೊತ್ತಿಗೆ ಮಣ್ಣಿನಿಂದ ಸಣ್ಣ ಕಪ್ಪು ನೊಣ ಏಳೋದಕ್ಕೆ ಶುರುವಾಗಿ, ಟಿವಿ ಮುಂದೆ, ಕಾಫಿ ಲೋಟದೊಳಗೆ, ಎಲ್ಲೆಲ್ಲೂ ಅವೇ. ಹಳದಿ ಅಂಟು ಹಾಳೆ ತಂದು ಸಿಕ್ಕಿಸಿದೆ, 150. ಒಂದು ವಾರದಲ್ಲಿ ಹಾಳೆ ಎಳ್ಳು ಚೆಲ್ಲಿದ ಹಾಗಾಗಿತ್ತು. ನೀರು ಕಡಿಮೆ ಮಾಡಿದ್ದೂ ಸೇರಿ ಈಗ ಹತೋಟಿಯಲ್ಲಿದೆ.

ಇನ್ನು ಕರೆಂಟ್ ಬಿಲ್. ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ಆರು ಟ್ಯೂಬ್ 120 ವ್ಯಾಟ್, ದಿನಕ್ಕೆ 14 ಗಂಟೆ, ತಿಂಗಳಿಗೆ 50 ಯೂನಿಟ್. ನಮಗೆ ಗೃಹಜ್ಯೋತಿ ಇದೆ. ಅದರಲ್ಲಿ 200 ಯೂನಿಟ್ ತನಕ ಎಲ್ಲರಿಗೂ ಪುಕ್ಕಟೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸಾಮಾನ್ಯವಾಗಿ ನಿಮ್ಮ ಮಿತಿ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10 ಅಷ್ಟೇ. ನಮ್ಮ ಸರಾಸರಿ 92, ಹಾಗಾಗಿ ಮಿತಿ 101. ಸೆಪ್ಟೆಂಬರ್‌ನಲ್ಲಿ 142 ಬಂತು. ಹೆಚ್ಚುವರಿ 41 ಯೂನಿಟ್‌ಗೆ ಮುನ್ನೂರರ ಹತ್ತಿರ ಕಟ್ಟಿದೆವು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ ತಲೆ ಮೇಲೆ. ಈಗಾಗಲೇ 160, 170ರಲ್ಲಿ ಇರುವವರು ಟ್ಯೂಬ್ ಕೊಳ್ಳುವ ಮೊದಲು ಹಳೇ ಬಿಲ್ ತೆಗೆದು ನೋಡಿ. ನಾವು ಬೇಸಿಗೆಯಲ್ಲಿ ಫ್ಯಾನ್ ಜಾಸ್ತಿ ಓಡುವಾಗ ಕೆಳಗಿನ ಹಲಗೆ ಬಂದ್ ಮಾಡುವ ಅಂತ ಇದ್ದೇವೆ.

ಒಟ್ಟು 7,950 ಆಯಿತು, ನೇರಳೆ ದೀಪದ ದಂಡವೂ ಸೇರಿ. ತಿಂಗಳಿಗೆ ಮುನ್ನೂರು ರೂಪಾಯಿ ಕರೆಂಟ್‌ಗೆ ಎಷ್ಟು ಕಟ್ಟು ಕೊತ್ತಂಬರಿ ಬರುತ್ತದೆ ಅಂತ ನನ್ನ ಗಂಡ ಒಂದು ಸಲ ಲೆಕ್ಕ ಹಾಕೋದಕ್ಕೆ ಕೂತರು. ಅತ್ತೆ ನೋಡಿದ ನೋಟಕ್ಕೆ ಪೆನ್ನು ಕೆಳಗಿಟ್ಟರು. ಉಳಿತಾಯಕ್ಕೆ ಅಂತ ಮಾಡುವುದಾದರೆ ಬೇಡ.

ಟೈಮರ್ ವಿಷಯ ಬಿಟ್ಟೇಹೋಗಿತ್ತು. 550 ರೂಪಾಯಿಯ ತಿರುಗಿಸುವ ಟೈಮರ್ ಹಾಕಿದ್ದೇವೆ. ಸುತ್ತಲೂ 15 ನಿಮಿಷಕ್ಕೊಂದು ಹಲ್ಲು, ಬೇಕಾದಷ್ಟು ಒತ್ತಿದರೆ ಬೆಳಗ್ಗೆ ಆರಕ್ಕೆ ಹೊತ್ತಿ ರಾತ್ರಿ ಎಂಟಕ್ಕೆ ಆರುತ್ತದೆ. ಒಂದು ತಿಂಗಳು ಚೆನ್ನಾಗಿತ್ತು. ಒಂದು ರಾತ್ರಿ ನೀರು ಕುಡಿಯೋಕೆ ಎದ್ದರೆ ಹನ್ನೊಂದೂವರೆಗೂ ಲೈಟ್ ಉರಿಯುತ್ತಿದೆ! ಕೆಟ್ಟುಹೋಯಿತು ಅಂದುಕೊಂಡೆ. ಆಮೇಲೆ ಹೊಳೆಯಿತು, ಕರೆಂಟ್ ಹೋದಾಗಲೆಲ್ಲ ಇದೂ ನಿಂತುಬಿಡುತ್ತದೆ, ಬಂದಾಗ ನಿಂತಲ್ಲಿಂದಲೇ ಓಡುತ್ತದೆ. ಅರ್ಧ ಗಂಟೆ, ಒಂದು ಗಂಟೆ ಅಂತ ಸೇರಿ ಸೇರಿ ಮೂರೂವರೆ ಗಂಟೆ ಹಿಂದೆ ಬಿದ್ದಿತ್ತು. ನೀವು ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ನಾನು ಸದ್ಯಕ್ಕೆ ಇದರಲ್ಲೇ ಕಾಲ ಹಾಕುತ್ತಿದ್ದೇನೆ. ಇವತ್ತೂ ಮಧ್ಯಾಹ್ನ ಎರಡು ಗಂಟೆ ಕರೆಂಟ್ ಇರಲಿಲ್ಲ. ಗಂಟೆ ಎಂಟೂಕಾಲು, ಅಡುಗೆಮನೆ ಪಕ್ಕ ಇನ್ನೂ ಬೆಳ್ಳಗಿದೆ. ಹೋಗಿ ತಿರುಗಿಸಿ ಬರುತ್ತೇನೆ.